ಕಾದಂಬರಿ ಆದ್ರೆ ರಾತ್ರಿ 2 ಗಂಟೆ ತನಕ ಓದ್ತೀನಿ, ಎಕ್ಸಾಮ್ ನೋಟ್ಸ್ ಆದ್ರೆ 2 ಪೇಜಿಗೇ ಕಣ್ಣು ಎಳೀತಾವೆ, ಯಾಕ್ ಹಿಂಗೆ?

ವಿದ್ಯಾನಗರ_ಓದುಗ

ನಮಸ್ಕಾರ ಎಲ್ರಿಗೂ. ಬಹಳ ದಿನದಿಂದ ತಲೆ ಕೊರೀತಿರೋ ವಿಷ್ಯ, ಇವತ್ತು ಕೇಳೇಬಿಡಾಣ ಅಂತ ಬರೀತಿದೀನಿ, ಸ್ವಲ್ಪ ಉದ್ದ ಆಗ್ತತಿ, ಪೂರ್ತಿ ಓದ್ರಿ.

ನಾನು ದಾವಣಗೆರೆಯವ್ನು. ಹಗಲೊತ್ತು ಒಂದು ಬಟ್ಟೆ ಅಂಗಡ್ಯಾಗೆ ಲೆಕ್ಕ ಬರೆಯೋ ಕೆಲ್ಸ, ಸಂಜೆ ಬಿಟ್ಟ ಮೇಲೆ ಕೆಎಎಸ್, ಎಫ್‌ಡಿಎ ಎರಡಕ್ಕೂ ತಯಾರಿ ಮಾಡ್ತೀನಿ. ಓದೋದು ಅಂದ್ರೆ ನಂಗೆ ಚಿಕ್ಕಂದಿನಿಂದ ಇಷ್ಟ, ಓದಾಕೆ ಬೇಜಾರು ಅನ್ನೋ ಪೈಕಿ ಅಲ್ಲ ನಾನು. ಹೋದ ತಿಂಗಳು ತರಾಸು ಅವರ ದುರ್ಗಾಸ್ತಮಾನ ಹಿಡ್ದೆ. ಅಂಗಡಿ ಮುಗ್ಸಿ ಬಂದು ಊಟ ಮಾಡಿ ರಾತ್ರಿ ಹತ್ತಕ್ಕೆ ಕುಂತ್ರೆ ಎರಡು ಗಂಟೆ ಆಗಿದ್ದೇ ಗೊತ್ತಾಗ್ತಿರಲಿಲ್ಲ, ಅವ್ವ ಎದ್ದು ಬಂದು ಲೈಟ್ ಆರ್ಸಿದ್ ಮೇಲೆ ಮಲಗ್ತಿದ್ದೆ. ಅಷ್ಟು ದಪ್ಪ ಪುಸ್ತಕ ಒಂಬತ್ತೇ ದಿನಕ್ಕೆ ಮುಗೀತು.

ಅದಾದ ಮರುವಾರ ಕರ್ನಾಟಕ ಇತಿಹಾಸದ ನೋಟ್ಸ್ ತೆಗ್ದೆ. ಅದೇ ಚಿತ್ರದುರ್ಗದ ನಾಯಕರ ಪಾಠ. ಅರ್ಧ ಪೇಜ್ ಅಷ್ಟೇ ಐತಿ. 1568 ತಿಮ್ಮಣ್ಣ ನಾಯಕ, 1689ರಿಂದ 1721 ಭರಮಣ್ಣ ನಾಯಕ, 1779ರಾಗೆ ಹೈದರಾಲಿ ಕೋಟೆ ಗೆದ್ದ, ಮದಕರಿ ನಾಯಕನ್ನ ಸೆರೆ ಹಿಡಿದು ಶ್ರೀರಂಗಪಟ್ಟಣಕ್ಕೆ ಒಯ್ದ. ಇಷ್ಟೇ. ನಾಲ್ಕು ಸಲ ಓದೀನಿ. ನಾಲ್ಕನೇ ಸಲ ಪೇಜ್ ಕೆಳಗೆ ಬಂದಾಗ ಮೇಲಿಂದು ಏನಿತ್ತು ಅಂತ ನೆನಪಿಲ್ಲ, ಕಣ್ಣು ಓಡ್ತಿದಾವೆ, ತಲೆ ಎಲ್ಲೋ ಐತಿ, ನಾಳೆ ಅಂಗಡ್ಯಾಗೆ ಯಾರ್ಯಾರ ಬಾಕಿ ಬರ್ಬೇಕು ಅಂತ ಎಣಿಸ್ತಿದೀನಿ. ಅದೇ ಕೋಟೆ, ಅದೇ ಮದಕರಿ, ಅದೇ ಟೇಬಲ್ಲು, ಅದೇ ಲೈಟು. ಒಂದ್ಕಡೆ ಕಣ್ಣಾಗೆ ನೀರು ಬಂದಿತ್ತು ನಂಗೆ, ಇನ್ನೊಂದ್ಕಡೆ ಆಕಳಿಕೆ ಬರ್ತತಿ.

ಇದು ನಂಗೊಬ್ಬನಿಗೇನಾ? ಮನಸ್ಸು ಗಟ್ಟಿ ಮಾಡ್ಕೊಂಡ್ರೆ ಆಗ್ತತಿ ಅಂತ ಹೇಳ್ಬೇಡ್ರಿ, ಅದನ್ನ ಮೂರು ವರ್ಷದಿಂದ ಮಾಡ್ತಿದೀನಿ.

ನೈಟ್_ಡ್ಯೂಟಿ_ಅಕ್ಕ

ತಮ್ಮಾ ನಿಂಗೊಬ್ಬನಿಗೇ ಅಲ್ಲಪ್ಪ. ನಾನು ಇಲ್ಲೇ ದಾವಣಗೆರೆ ಆಸ್ಪತ್ರೇಲಿ ಸ್ಟಾಫ್ ನರ್ಸ್, ಜೊತೆಗೆ ಪೋಸ್ಟ್ ಬೇಸಿಕ್ ಬಿಎಸ್ಸಿ ಮಾಡ್ತಿದೀನಿ. ರಾತ್ರಿ ವಾರ್ಡಲ್ಲಿ ಎಲ್ಲಾ ಪೇಷಂಟ್ ಮಲಗಿದ್ ಮೇಲೆ ಮೂರು ಗಂಟೆ ಹೊತ್ತಿಗೆ ಒಂದರ್ಧ ಗಂಟೆ ಸಿಗತ್ತೆ. ಫಾರ್ಮಕಾಲಜಿ ಬುಕ್ ತೆಗೆದ್ರೆ ಅಕ್ಷರ ಎಲ್ಲಾ ಇರುವೆ ಸಾಲಿನ ತರ ಕಾಣತ್ತೆ. ಅದೇ ಫೋನಲ್ಲಿ ಧಾರಾವಾಹಿ ಕಥೆ ತೆಗೆದ್ರೆ ನಿದ್ದೆನೇ ಬರಲ್ಲ. ದಣಿವು ಎರಡಕ್ಕೂ ಒಂದೇ ತಾನೇ? ಅದಕ್ಕೇ ನಂಗೆ ಅನ್ಸೋದು, ಇದು ಸುಸ್ತಿನ ವಿಷ್ಯ ಅಲ್ಲ, ಹೆದರಿಕೆ ವಿಷ್ಯ. ಕಥೆ ಓದ್ವಾಗ ಒಂದು ಸಾಲು ಬಿಟ್ಟೋದ್ರೆ ಬಿಟ್ಟೋಯ್ತು. ಪಾಠ ಓದ್ವಾಗ ಪ್ರತಿ ಸಾಲಿಗೂ "ಇದು ಕೇಳ್ತಾರಾ, ಇದು ಮರೆತ್ರೆ ಏನ್ಗತಿ" ಅಂತ ಪಕ್ಕದಲ್ಲಿ ಯಾರೋ ನಿಂತು ಪಿಸುಗುಟ್ಟಿದ ಹಾಗೆ ಆಗತ್ತೆ. ಆ ಪಿಸುಮಾತು ಕೇಳ್ತಾ ಓದೋದು ಅಂದ್ರೆ ಎರಡು ಕೆಲ್ಸ ಒಟ್ಟಿಗೆ ಮಾಡಿದಂಗೆ.

ಬಿಡಿ_ರೋಡ್_ಬಾಯ್

ಫೋನ್ ಪಕ್ಕದಲ್ಲಿ ಇದ್ರೆ ಯಾವ್ದೂ ಆಗಲ್ಲ ಗುರು, ಮೊದ್ಲು ಅದನ್ನ ಬೇರೆ ರೂಮಲ್ಲಿ ಇಡು.

ವಿದ್ಯಾನಗರ_ಓದುಗ

ಕಾದಂಬರಿ ಓದ್ವಾಗ್ಲೂ ಫೋನ್ ಪಕ್ಕದಾಗೇ ಇತ್ತು ಅಣ್ಣ. ಮುಟ್ಟಿರ್ಲಿಲ್ಲ.

ಪಿಯು_ಮೇಷ್ಟ್ರು

ಚಿತ್ರದುರ್ಗದಲ್ಲಿ ಬಹಳ ವರ್ಷ ಪಾಠ ಮಾಡಿ ಈಗ ರಿಟೈರ್ ಆಗಿದ್ದೀನಿ. ಈ ಹುಡುಗ ಕೇಳಿರೋ ಪ್ರಶ್ನೆ ನನ್ನ ವಿದ್ಯಾರ್ಥಿಗಳು ಪ್ರತಿ ವರ್ಷ ಬೇರೆಬೇರೆ ಮಾತಲ್ಲಿ ಕೇಳ್ತಿದ್ರು, ಅವಾಗ ನಾನೂ "ಏಕಾಗ್ರತೆ ಸಾಲದು" ಅಂತ ಹೇಳಿ ಕಳಿಸಿಬಿಡ್ತಿದ್ದೆ. ಆ ಉತ್ತರ ತಪ್ಪು ಅಂತ ಆಮೇಲೆ ಈ ವಿಷಯದ ಮೇಲೆ ಓದಿಕೊಂಡಾಗ ಗೊತ್ತಾಯ್ತು, ಅದಕ್ಕೇ ಸ್ವಲ್ಪ ವಿವರವಾಗಿ ಬರೀತೀನಿ.

ಮೊದಲು ಕಣ್ಣು. ಓದುವಾಗ ಕಣ್ಣು ಸಾಲಿನ ಮೇಲೆ ನೀರು ಹರಿದ ಹಾಗೆ ಹರಿಯಲ್ಲ, ಜಿಗಿದು ಜಿಗಿದು ಹೋಗತ್ತೆ, ಒಂದೊಂದು ಕಡೆ ಕಾಲು ಸೆಕೆಂಡಿನಷ್ಟು ನಿಂತು ಮತ್ತೆ ಜಿಗಿಯತ್ತೆ. ಕೀತ್ ರೇನರ್ ಅಂತ ಒಬ್ಬರು ಜೀವನಪೂರ್ತಿ ಇದನ್ನೇ ಅಳೆದವರು. ಇಂಗ್ಲಿಷ್ ಓದುವವರಲ್ಲಿ ನೂರು ಜಿಗಿತಕ್ಕೆ ಹತ್ತು ಹದಿನೈದು ಜಿಗಿತ ಹಿಂದಕ್ಕೇ ಹೋಗ್ತವೆ, ಓದಿದ್ದನ್ನೇ ಮತ್ತೆ ನೋಡೋಕೆ. ವಿಷಯ ಕಷ್ಟ ಆದಷ್ಟೂ ನಿಲ್ಲೋ ಹೊತ್ತು ಜಾಸ್ತಿ, ಹಿಂದೆ ಹೋಗೋದು ಜಾಸ್ತಿ. ಅಂದ್ರೆ ಪಾಠದ ಪುಸ್ತಕ ಓದುವಾಗ ನಿಮ್ಮ ಕಣ್ಣು ನಿಜವಾಗ್ಲೂ ಹೆಚ್ಚು ಕೆಲಸ ಮಾಡ್ತಿರತ್ತೆ, ಅದು ನಿಮ್ಮ ಕಲ್ಪನೆ ಅಲ್ಲ.

ಆಮೇಲೆ ತಲೆ. ಒಂದು ಹೊತ್ತಿಗೆ ಮನಸ್ಸಲ್ಲಿ ಎಷ್ಟು ಸಂಗತಿ ಹಿಡ್ಕೋಬಹುದು ಅಂತ 1956ರಲ್ಲಿ ಜಾರ್ಜ್ ಮಿಲ್ಲರ್ ಬರೆದರು, 7, ಅದರ ಆಚೆ ಈಚೆ ಎರಡು. 2001ರಲ್ಲಿ ನೆಲ್ಸನ್ ಕೋವನ್ ಅದನ್ನ ಇನ್ನೂ ಕಮ್ಮಿ ಮಾಡಿ 4ರ ಆಸುಪಾಸು ಅಂದರು. ನಮ್ಮ ಕಡೆ ಈರುಳ್ಳಿ ಬೆಳೆಯೋರಿಗೆ ಇದು ಬೇಗ ಅರ್ಥ ಆಗತ್ತೆ. ಒಂದು ಕೈಯಲ್ಲಿ ನಾಲ್ಕು ಗಡ್ಡೆ ಹಿಡೀಬಹುದು, ಐದನೇದು ಇಟ್ರೆ ಒಂದು ಕೆಳಗೆ ಬೀಳತ್ತೆ. ಅದನ್ನೇ ಚೀಲಕ್ಕೆ ಹಾಕಿದ್ರೆ ಅದೇ ಕೈ ಹತ್ತು ಕೆಜಿ ಎತ್ತತ್ತೆ. ಕಥೆ ಅನ್ನೋದು ಚೀಲ. ಮದಕರಿಗೆ ಸಿಟ್ಟು ಬಂತು, ಸಿಟ್ಟಿಗೆ ಹಿಂಗೆ ಮಾಡಿದ, ಅದರಿಂದ ಹಿಂಗಾಯ್ತು ಅಂತ ಒಂದಕ್ಕೊಂದು ಗಂಟು ಬಿದ್ದಿರತ್ತೆ. ನಿನ್ನ ನೋಟ್ಸಲ್ಲಿ ಅದೇ ಈರುಳ್ಳಿ ಬಿಡಿಬಿಡಿಯಾಗಿ ಬಿದ್ದಿದೆ, 1568 ಒಂದು, 1689 ಒಂದು, 1721 ಒಂದು. ಅರ್ಧ ಪೇಜೇ ಇರಬಹುದು, ಆದ್ರೆ ಕೈ ತುಂಬಿಹೋಯ್ತು.

ಇದು ಬರೀ ನನ್ನ ಹೋಲಿಕೆ ಅಲ್ಲ. ಕಥೆ ರೂಪದ ಬರಹ, ಮಾಹಿತಿ ರೂಪದ ಬರಹ ಎರಡನ್ನೂ ಹೋಲಿಸಿದ ಹಳೆ ಅಧ್ಯಯನಗಳನ್ನೆಲ್ಲ ಒಟ್ಟುಗೂಡಿಸಿ ರೇಮಂಡ್ ಮಾರ್ ಮತ್ತೆ ಅವರ ಜೊತೆಯವರು 2021ರಲ್ಲಿ ಲೆಕ್ಕ ಹಾಕಿದ್ರು, ಒಟ್ಟು 33 ಸಾವಿರಕ್ಕೂ ಹೆಚ್ಚು ಜನ ಓದಿದ್ದ ಲೆಕ್ಕ. ಕಥೆಯೇ ಸುಲಭವಾಗಿ ಅರ್ಥ ಆಗತ್ತೆ, ಹೆಚ್ಚು ನೆನಪಿರತ್ತೆ ಅಂತ ಬಂತು.

ಇನ್ನೊಂದು ಮಾತು. ನೀನು ಈ ಜಿಲ್ಲೆಗಳ ಹುಡುಗ, ಒನಕೆ ಓಬವ್ವನ ಕಥೆ ಪುಸ್ತಕ ತೆರೆಯೋ ಮೊದಲೇ ಗೊತ್ತಿತ್ತು, ಸ್ಕೂಲ್ ಟ್ರಿಪ್ಪಲ್ಲಿ ಕಿಂಡಿ ನೋಡಿರ್ತೀಯ. ಕಾದಂಬರಿಗೆ ಕೂತಾಗ ನಿನ್ನ ಚೀಲ ಅರ್ಧ ತಯಾರಾಗೇ ಇತ್ತು. ಬೇರೆ ರಾಜ್ಯದವರಿಗೆ ಅದೇ ಪುಸ್ತಕ ಅಷ್ಟು ಹಗುರ ಆಗಲಿಕ್ಕಿಲ್ಲ.

ಚಳ್ಳಕೆರೆ_ಹುಡುಗಿ

ಸರ್ ನೀವು ಹೇಳಿದ್ದು ಚೆನ್ನಾಗಿದೆ ಆದ್ರೆ ಒಂದು ವಿಷ್ಯ ಬಿಟ್ಟೋಗಿದೆ ಅನ್ನಿಸ್ತು ಅದಕ್ಕೆ ಬರೀತಿದೀನಿ. ಭಾಷೆ.

ನಾನು ಎಸ್ಸೆಸ್ಸೆಲ್ಸಿ ತನಕ ಕನ್ನಡ ಮೀಡಿಯಂ, ಚಳ್ಳಕೆರೆ ಹತ್ರ ಹಳ್ಳಿ. ಈಗ ದಾವಣಗೆರೇಲಿ ಮೆಕ್ಯಾನಿಕಲ್ ಇಂಜಿನಿಯರಿಂಗ್. ಕಥೆ ಪುಸ್ತಕ ನಾನು ಓದೋದು ಕನ್ನಡದಲ್ಲಿ, ಪಾಠದ ಪುಸ್ತಕ ಓದೋದು ಇಂಗ್ಲಿಷಲ್ಲಿ. ಹಂಗಾಗಿ ನಂಗೆ ಖುಷಿ ಓದು ಬೇರೆ, ಪರೀಕ್ಷೆ ಓದು ಬೇರೆ ಅಂತ ಅನ್ಸೋದೇ ಇಲ್ಲ, ಮನೆ ಭಾಷೆ ಓದು ಬೇರೆ, ಹೊರಗಿನ ಭಾಷೆ ಓದು ಬೇರೆ ಅಂತ ಅನ್ಸುತ್ತೆ.

ಒಂದೇ ಒಂದು ಪದದ ಕಥೆ ಹೇಳ್ತೀನಿ. ಫಸ್ಟ್ ಸೆಮ್ಮಲ್ಲಿ ಲೆಕ್ಕಗಳ ಕೊನೆಗೆ "ರೆಸ್ಪೆಕ್ಟಿವ್ಲಿ" ಅಂತ ಬರೋದು. ಎರಡು ಕಂಬಿಯ ಉದ್ದ 5 ಮತ್ತು 7 ಮೀಟರ್, ರೆಸ್ಪೆಕ್ಟಿವ್ಲಿ. ರೆಸ್ಪೆಕ್ಟ್ ಅಂದ್ರೆ ಮರ್ಯಾದೆ ಅಂತ ಗೊತ್ತಿತ್ತು, ಮರ್ಯಾದೆಗೂ ಕಂಬಿಗೂ ಏನು ಸಂಬಂಧ ಅಂತ ತಿಳೀಲಿಲ್ಲ. ಯಾರನ್ನೂ ಕೇಳೋಕೆ ಧೈರ್ಯ ಬರ್ಲಿಲ್ಲ, ಕ್ಲಾಸಲ್ಲಿ ಎಲ್ರಿಗೂ ಗೊತ್ತಿರತ್ತೆ ಅನ್ಕೊಂಡಿದ್ದೆ. "ಕ್ರಮವಾಗಿ" ಅಂತ ಅರ್ಥ ಅಂತ ಗೊತ್ತಾಗಿದ್ದು ಮೂರನೇ ಸೆಮ್ಮಲ್ಲಿ. ಹೈಸ್ಕೂಲ್ ಗಣಿತದಲ್ಲಿ "ಕ್ರಮವಾಗಿ 5 ಮತ್ತು 7" ಅಂತ ಸಾವಿರ ಸಲ ಓದಿರೋಳು ನಾನು. ಗೊತ್ತಿರೋ ವಿಷ್ಯಾನೇ ಗೊತ್ತಿಲ್ದಂಗೆ ಎರಡು ಸೆಮ್ ಕಳ್ದೆ. ಅವತ್ತು ಹಾಸ್ಟೆಲ್ ರೂಮಲ್ಲಿ ಸುಮ್ನೆ ಕೂತು ಅತ್ತೆ.

ಆಮೇಲೆ ಒಂದು ಕಡೆ ಓದ್ದೆ, 2000ದಲ್ಲಿ ಮಾಡಿದ ಒಂದು ಅಧ್ಯಯನ, ಹೂ ಮತ್ತೆ ನೇಷನ್ ಅನ್ನೋರದ್ದು. ಬೇರೆಯವರ ಸಹಾಯ ಇಲ್ದೆ ಒಂದು ಕಥೆ ಚೆನ್ನಾಗಿ ಅರ್ಥ ಆಗ್ಬೇಕು ಅಂದ್ರೆ ನೂರಕ್ಕೆ 98 ಪದ ಗೊತ್ತಿರ್ಬೇಕಂತೆ. ಅಂದ್ರೆ ಐವತ್ತು ಪದಕ್ಕೆ ಒಂದು ಗೊತ್ತಿಲ್ದೇ ಇದ್ರೆ ಪರ್ವಾಗಿಲ್ಲ. ನನ್ನ ಥರ್ಮೋಡೈನಾಮಿಕ್ಸ್ ಬುಕ್ಕಲ್ಲಿ ಶುರುವಿನಲ್ಲಿ ಒಂದೊಂದು ಸಾಲಿಗೆ ಎರಡು ಮೂರು ಪದಕ್ಕೆ ಪೆನ್ಸಿಲ್ ಗೆರೆ ಹಾಕಿದೀನಿ. ಅದು ಕಷ್ಟ ಆಗ್ದೆ ಇನ್ನೇನಾಗತ್ತೆ ಹೇಳಿ. ನಮ್ಮಂಥೋರಿಗೆ ಯಾರಾದ್ರೂ "ನಿಂಗೆ ಓದೋ ಆಸಕ್ತಿ ಇಲ್ಲ" ಅಂದ್ರೆ ತುಂಬಾ ನೋವಾಗತ್ತೆ.

ನೈಟ್_ಡ್ಯೂಟಿ_ಅಕ್ಕ

ಕೂಸೇ, ನಿನ್ನ ಮಾತು ಓದಿ ನನ್ನ ಜಿಎನ್ಎಂ ನರ್ಸಿಂಗ್ ಕೋರ್ಸಿನ ಮೊದಲನೇ ವರ್ಷ ನೆನಪಾಯ್ತು. ನಂಗೂ ಹಿಂಗೇ ಆಗಿದ್ದು. ಕೇಳೋಕೆ ಧೈರ್ಯ ಬರ್ಲಿಲ್ಲ ಅಂದ್ಯಲ್ಲ, ಇನ್ಮೇಲೆ ಇಲ್ಲಿ ಕೇಳು.

ಕಡತ_ವಿಭಾಗ

ಮೇಷ್ಟ್ರಿಗೆ ನಮಸ್ಕಾರ. ಓದೋ ವಯಸ್ಸು ಮುಗ್ದು ಕೆಲ್ಸಕ್ಕೆ ಸೇರಿದ್ ಮೇಲೂ ಈ ಕಷ್ಟ ಬಿಡಲ್ಲ ಅಂತ ಹೇಳೋಕೆ ಬರೀತಿದೀನಿ. ನಾನು ದುರ್ಗ ಜಿಲ್ಲೇಲಿ ಕಂದಾಯ ಇಲಾಖೆ ನೌಕರ. ನಮ್ಮ ಓದು ಪೂರ್ತಿ ಕನ್ನಡದಲ್ಲೇ ಐತೆ, ಆದ್ರೂ ಸುಲಭ ಅಲ್ಲ, ಅದನ್ನ ಆ ತಂಗಿಗೆ ಹೇಳ್ಬೇಕು ಅನ್ನಿಸ್ತು.

ಸರ್ಕಾರಿ ಆದೇಶ ನೋಡಿರೋರಿಗೆ ಗೊತ್ತು. ಮೊದ್ಲು "ಓದಲಾಗಿದೆ" ಅಂತ ಒಂದು ಎರಡು ಮೂರು ನಾಲ್ಕು ಹಳೇ ಆದೇಶದ ನಂಬರ್, ದಿನಾಂಕ. ಆಮೇಲೆ "ಪ್ರಸ್ತಾವನೆ". ಅಲ್ಲಿ "ಮೇಲೆ ಓದಲಾದ (2)ರ ಆದೇಶದಲ್ಲಿ" ಅಂತ ಶುರು ಆದ್ರೆ "ಸದರಿ", "ಮುಂದುವರೆದು", "ಉಲ್ಲೇಖಿತ", ಹಂಗೇ ಹತ್ತು ಹನ್ನೊಂದು ಸಾಲು ಒಂದೇ ವಾಕ್ಯ. ಕನ್ನಡದಲ್ಲಿ ಕ್ರಿಯಾಪದ ಬರೋದು ಕೊನೇಲಿ ಅಲ್ವಾ, ಹನ್ನೊಂದು ಸಾಲು ಉಸಿರು ಹಿಡ್ಕೊಂಡು ಹೋಗಿ ಕೊನೆಗೆ "ಕೈಗೊಳ್ಳತಕ್ಕದ್ದು" ಅಂತಿದ್ಯೋ "ಕೈಗೊಳ್ಳತಕ್ಕದ್ದಲ್ಲ" ಅಂತಿದ್ಯೋ ನೋಡೋ ತನಕ ಏನು ಮಾಡ್ಬೇಕು ಅನ್ನೋದೇ ತಿಳಿಯಲ್ಲ. ಅಷ್ಟೊತ್ತಿಗೆ ಮೇಷ್ಟ್ರು ಹೇಳಿದ ನಾಲ್ಕು ಈರುಳ್ಳಿ ಯಾವಾಗೋ ಬಿದ್ದೋಗಿರ್ತವೆ.

ಆದ್ರೆ ಒಂದು ದಿನದ್ದು ಹೇಳ್ತೀನಿ. ಪೌತಿ ಖಾತೆಗೆ, ಅಂದ್ರೆ ತೀರ್ಕೊಂಡವರ ಜಮೀನು ವಾರಸುದಾರರ ಹೆಸ್ರಿಗೆ ಮಾಡೋದಕ್ಕೆ, ಸಂಬಂಧಪಟ್ಟ ಒಂದು ಸುತ್ತೋಲೆ ಬಂದು ನನ್ನ ಟೇಬಲ್ ಮೇಲೆ ಎರಡು ವಾರ ಇತ್ತು. ಮೂರು ಸಲ ತೆಗ್ದು ಅರ್ಧಕ್ಕೇ ಇಟ್ಟಿದ್ದೆ. ಒಂದಿನ ಮಧ್ಯಾಹ್ನ ಹೊಳಲ್ಕೆರೆ ಕಡೆಯಿಂದ ಒಬ್ರು ಅಜ್ಜ ಬಂದ್ರು. ಅವರ ಅಪ್ಪ ತೀರ್ಕೊಂಡು ಎಷ್ಟೋ ವರ್ಷ ಆಗೈತೆ, ಪಹಣೀಲಿ ಇನ್ನೂ ಅಪ್ಪನ ಹೆಸ್ರೇ ಐತೆ. ಮರಣ ಪ್ರಮಾಣ ಪತ್ರ, ವಂಶವೃಕ್ಷ ಎಲ್ಲಾ ಒಂದು ಪ್ಲಾಸ್ಟಿಕ್ ಕವರಲ್ಲಿ ಮಡಚಿ ಇಟ್ಕೊಂಡಿದ್ರು, ಮಡಚಿದ ಜಾಗದಲ್ಲಿ ಕಾಗ್ದ ಸವೆದು ಅಕ್ಷರ ಹೋಗಿತ್ತು. "ಸ್ವಾಮಿ ಇದು ಆಗ್ತತಾ ಇಲ್ವಾ, ಅಷ್ಟು ಹೇಳಿ ಸಾಕು, ಬಸ್ಸಿಗೆ ಹೊತ್ತಾಗ್ತದೆ" ಅಂದ್ರು. ಕೂರಿ ಅಜ್ಜ ಅಂತ ಹೇಳಿ ಆ ಸುತ್ತೋಲೆ ತೆಗ್ದೆ. ನಂಬ್ತೀರೋ ಇಲ್ವೋ, ಹತ್ತು ನಿಮಿಷಕ್ಕೆ ಪೂರ್ತಿ ಓದ್ದೆ. ಯಾವ ಸಾಲು ಈ ಅಜ್ಜಂಗೆ ಬೇಕು, ಯಾವ್ದು ಬೇಡ ಅಂತ ತಾನಾಗೇ ಬೇರೆಬೇರೆ ಆಯ್ತು. ಇವತ್ತಿಗೂ ಆ ಸುತ್ತೋಲೆ ನಂಗೆ ಬಾಯಿಪಾಠ ಇದ್ದಂಗೆ ಐತೆ.

ಅದಕ್ಕೇ ನೈಟ್ ಡ್ಯೂಟಿ ಅಕ್ಕನ ಮಾತು ನಾನು ಪೂರ್ತಿ ಒಪ್ಪಲ್ಲ. ಹೆದರಿಕೆ, ಒತ್ತಡ ಅವತ್ತೇ ಜಾಸ್ತಿ ಇತ್ತು, ಎದುರಿಗೆ ಮನುಷ್ಯ ಕೂತವ್ರೆ, ಬಸ್ಸಿಗೆ ಹೊತ್ತಾಗೈತೆ, ನಾನು ತಪ್ಪು ಹೇಳಿದ್ರೆ ಅವರು ಇನ್ನೊಂದಿನ ಕೂಲಿ ಬಿಟ್ಟು ಬರ್ಬೇಕು. ಆದ್ರೂ ಓದು ಹಗುರ ಆಯ್ತು. ಯಾಕೆ ಅಂದ್ರೆ ಓದೋಕೆ ಮೊದ್ಲು ನನ್ನ ಕೈಲಿ ಒಂದು ಪ್ರಶ್ನೆ ಇತ್ತು, ಅದೂ ಒಬ್ಬ ಮನುಷ್ಯನ ಪ್ರಶ್ನೆ. ಎರಡು ವಾರ ಸುಮ್ನೆ ಓದಿದಾಗ ಇಲ್ದೇ ಇದ್ದಿದ್ದು ಅದೊಂದೇ. ಕಾದಂಬರಿ ಅದನ್ನ ತಾನೇ ಕೊಟ್ಟುಬಿಡತ್ತೆ ಕಣ್ರಿ, ಮುಂದೇನಾಯ್ತು ಅಂತ ಪ್ರತಿ ಪುಟದಲ್ಲೂ ನಮ್ಮ ಬಾಯಿಂದ ಕೇಳ್ಸತ್ತೆ. ಸುತ್ತೋಲೆ, ನೋಟ್ಸು ಕೇಳ್ಸಲ್ಲ. ಬರೀ ಉತ್ತರ ಇರ್ತವೆ, ಯಾವ ಪ್ರಶ್ನೆಗೆ ಅಂತ ನಾವೇ ಹುಡುಕ್ಬೇಕು.

ತೋಳಹುಣಸೆ_ಎಂಎ

ಕಡತ ವಿಭಾಗ ಸರ್, ಅಜ್ಜನ ಕೆಲಸ ಆಯ್ತಾ?

ಕಡತ_ವಿಭಾಗ

ಆಯ್ತಮ್ಮ. ಒಂದು ಕಾಗ್ದ ಕಮ್ಮಿ ಇತ್ತು, ಮತ್ತೆ ಒಂದ್ಸಲ ಬರ್ಬೇಕಾಯ್ತು, ಆಮೇಲೆ ಆಯ್ತು.

ತೋಳಹುಣಸೆ_ಎಂಎ

ಸಂತೋಷ ಆಯ್ತು ಸರ್. ನಂದು ಉಲ್ಟಾ ಅನುಭವ. ನಾನು ಕನ್ನಡ ಎಂಎ. ಪಿಯುಸಿ ರಜೇಲಿ ಅಜ್ಜಿ ಊರಲ್ಲಿ ಬೇವಿನ ಮರದ ಕೆಳಗೆ ಕೂತು ಒಂದು ಕಥಾ ಸಂಕಲನ ಓದಿದ್ದೆ, ಒಂದು ಕಥೆ ಎಷ್ಟು ಹಿಡಿಸ್ತು ಅಂದ್ರೆ ಅದರ ಕೊನೇ ಪ್ಯಾರಾ ನೋಟ್ ಬುಕ್ಕಲ್ಲಿ ಬರ್ಕೊಂಡಿದ್ದೆ. ಆ ಪುಸ್ತಕ ನಮ್ಮ ಸಿಲಬಸ್‌ಗೆ ಬಂತು. ಖುಷಿಯಿಂದ ಕುಣಿದೆ. ಆಮೇಲೆ ಓದೋಕೆ ಕೂತ್ರೆ ಆಗ್ತಿಲ್ಲ. ಪ್ರತಿ ಸಾಲಲ್ಲೂ ಇದು "ಆಶಯ"ಕ್ಕೆ ಬರತ್ತಾ, "ನಿರೂಪಣಾ ತಂತ್ರ"ಕ್ಕೆ ಬರತ್ತಾ, ಹತ್ತು ಮಾರ್ಕಿನ ಪ್ರಶ್ನೆಗೆ ಎಷ್ಟು ಪುಟ ಬರೀಬಹುದು ಅಂತ ಮನಸ್ಸು ಅಳೀತಾ ಕೂರತ್ತೆ. ಅದೇ ಅಕ್ಷರ, ಅದೇ ಭಾಷೆ, ಅದೇ ಕಥೆ, ಅಂದ್ರೆ ಚೀಲನೂ ಇದೆ, ಪದನೂ ಗೊತ್ತು. ಆದ್ರೂ ಭಾರ. ಹಂಗಾದ್ರೆ ಬರೀ ಕಥೆ ರೂಪದ ವಿಷ್ಯ ಅಲ್ಲ ಇದು ಅಲ್ವಾ ಮೇಷ್ಟ್ರೇ?

ಪಿಯು_ಮೇಷ್ಟ್ರು

ಸರಿಯಾದ ಜಾಗಕ್ಕೆ ಕೈ ಇಟ್ಟೆ ಮಗಳೇ. ನನ್ನ ಚೀಲದ ಹೋಲಿಕೆ ಇಲ್ಲಿಗೆ ಸಾಲಲ್ಲ.

1973ರಲ್ಲಿ ಲೆಪ್ಪರ್, ಗ್ರೀನ್, ನಿಸ್ಬೆಟ್ ಅಂತ ಮೂವರು ಅಮೆರಿಕಾದಲ್ಲಿ ಶಿಶುವಿಹಾರದ ಮಕ್ಕಳ ಮೇಲೆ ಒಂದು ಪ್ರಯೋಗ ಮಾಡಿದ್ರು. ಸ್ಕೆಚ್ ಪೆನ್ನಲ್ಲಿ ಚಿತ್ರ ಬರೆಯೋದು ಮೊದಲಿಂದ ಇಷ್ಟ ಇದ್ದ ಮಕ್ಕಳನ್ನೇ ಆರಿಸಿಕೊಂಡ್ರು. ಕೆಲವರಿಗೆ ಚಿತ್ರ ಬರೆದ್ರೆ ಸರ್ಟಿಫಿಕೇಟ್ ಕೊಡ್ತೀವಿ ಅಂತ ಮೊದಲೇ ಹೇಳಿದ್ರು. ಕೆಲವರಿಗೆ ಹೇಳದೇ ಬರೆದ ಮೇಲೆ ಕೊಟ್ರು, ಇನ್ನು ಕೆಲವರಿಗೆ ಏನೂ ಇಲ್ಲ. ಒಂದೆರಡು ವಾರ ಬಿಟ್ಟು ಸುಮ್ಮನೆ ಆಟದ ಹೊತ್ತಲ್ಲಿ ಅದೇ ಪೆನ್ ಇಟ್ಟು ನೋಡಿದ್ರೆ, ಮೊದಲೇ ಬಹುಮಾನದ ಆಸೆ ತೋರಿಸಿದ್ದ ಮಕ್ಕಳು ಉಳಿದವರ ಅರ್ಧದಷ್ಟು ಹೊತ್ತು ಮಾತ್ರ ಚಿತ್ರಕ್ಕೆ ಕೊಟ್ರು. ಹೇಳದೇ ಕೊಟ್ಟ ಮಕ್ಕಳಲ್ಲಿ ಆಸಕ್ತಿ ಹಂಗೇ ಇತ್ತು. ತಮಗಾಗಿ ಮಾಡ್ತಿದ್ದ ಕೆಲಸ ಇನ್ಯಾರದೋ ಲೆಕ್ಕಕ್ಕೆ ಹೋದ ತಕ್ಷಣ ಅದರ ರುಚಿ ಬದಲಾಗತ್ತೆ. ನಿನ್ನ ಕಥೆಗೆ ಆಗಿದ್ದೂ ಅದೇ.

ಕೋಟೆ_ಬೀದಿ

ಎಲ್ರೂ ಒಂದೇ ದಿಕ್ಕಲ್ಲಿ ಹೋಗ್ತಿದೀರಿ, ನಾನು ಸ್ವಲ್ಪ ಬೇರೆ ಹೇಳ್ತೀನಿ, ಬೇಜಾರು ಮಾಡ್ಕೋಬೇಡಿ. ನಾನು ನಾಲ್ಕು ವರ್ಷ ಬ್ಯಾಂಕ್ ಎಕ್ಸಾಮಿಗೆ ಓದಿ ಕೊನೆಗೆ ಪಾಸಾದವ್ನು.

ಪರೀಕ್ಷೆ ಓದು ಕಷ್ಟ ಆಗ್ಲೇಬೇಕು. ಸುಲಭ ಆದ್ರೆ ಏನೋ ತಪ್ಪಾಗ್ತಿದೆ ಅಂತ ಅರ್ಥ. ನಾನು ಮೊದಲ ಮೂರು ವರ್ಷ ಹಳದಿ ಹೈಲೈಟರ್ ಹಿಡ್ಕೊಂಡು ಅದೇ ಪುಸ್ತಕ ಐದಾರು ಸಲ ಓದ್ತಿದ್ದೆ, ಮೂರನೇ ಸಲಕ್ಕೆ ಎಲ್ಲಾ ಗೊತ್ತಿದೆ ಅನ್ಸೋದು, ಓದೋಕೆ ಹಾಯಾಗಿರೋದು. ಪರೀಕ್ಷೇಲಿ ಕೂತ್ರೆ ಎರಡು ಆಪ್ಷನ್ ಮಧ್ಯೆ ಸಿಕ್ಕಾಕೊಳ್ತಿದ್ದೆ. 2006ರಲ್ಲಿ ರೋಡಿಗರ್, ಕಾರ್ಪಿಕೆ ಅಂತ ಇಬ್ರು ಇದನ್ನೇ ತೋರ್ಸಿದಾರೆ. ಒಂದು ಗುಂಪು ಪಾಠ ಮತ್ತೆ ಮತ್ತೆ ಓದ್ತು, ಇನ್ನೊಂದು ಗುಂಪು ಒಂದ್ಸಲ ಓದಿ ಪುಸ್ತಕ ಮುಚ್ಚಿ ನೆನಪಿದ್ದಷ್ಟು ಬರೀತು. ಐದು ನಿಮಿಷ ಬಿಟ್ಟು ಕೇಳಿದಾಗ ಮತ್ತೆ ಓದಿದವ್ರೇ ಮುಂದೆ. ಒಂದು ವಾರ ಬಿಟ್ಟು ಕೇಳಿದಾಗ ಮುಚ್ಚಿ ಬರೆದವ್ರು ಮುಂದೆ. ನಾಲ್ಕನೇ ವರ್ಷ ನಾನು ಮಾಡಿದ್ದು ಅದನ್ನೇ, ಪ್ರತಿ ಪೇಜ್ ಓದಿ ಮುಚ್ಚಿ ಬಿಳಿ ಹಾಳೇಲಿ ಬರೆಯೋದು. ಹಿಂಸೆ ಆಗ್ತಿತ್ತು, ಆದ್ರೆ ತಲೇಲಿ ಉಳೀತು.

ಮತ್ತೆ ವಿದ್ಯಾನಗರ ತಮ್ಮಂಗೆ ಒಂದು ಪ್ರಶ್ನೆ, ಕಾದಂಬರಿ ಸುಲಭ ಆಯ್ತು ಅಂತೀಯಲ್ಲ, ಅದನ್ನ ಈಗ ಪುಸ್ತಕ ಮುಚ್ಚಿ ಬರಿ ನೋಡಾಣ. ಪಾತ್ರಗಳ ಹೆಸ್ರು ಎಷ್ಟು ನೆನಪಿದೆ? ಖುಷಿ ಓದಲ್ಲಿ ನಾವು ಎಷ್ಟು ಮರೀತೀವಿ ಅಂತ ಯಾರೂ ಕೇಳಲ್ಲ, ಅದಕ್ಕೆ ಅದು ಸುಲಭ ಅನ್ಸುತ್ತೆ.

ವಿದ್ಯಾನಗರ_ಓದುಗ

ನೀವು ಹೇಳಿದ್ ಮೇಲೆ ನಿನ್ನೆ ರಾತ್ರಿ ಕುಂತು ಬರ್ದೆ ಅಣ್ಣ. ಎರಡು ಪೇಜ್ ಬಂತು. ಹೆಸ್ರು ಬಹಳ ಬಿಟ್ಟೋಗಿದಾವೆ, ಇಸವಿ ಅಂತೂ 1779 ಒಂದೇ. ಆದ್ರೆ ಯಾರ್ ಯಾರ್ಮೇಲೆ ಯಾಕೆ ಸಿಟ್ಟಾದ್ರು, ಯಾರ್ ಯಾರ್ನ ನಂಬಿ ಕೆಟ್ರು ಅನ್ನೋದು ಸಾಲು ಸಾಲಾಗಿ ಬಂತು. ಕೊನೇ ಭಾಗ ಬರಿಯಾಕೆ ಕೈ ನಡುಗ್ತು. ಹಂಗಾಗಿ ನಿಮ್ಮ ಮಾತು ಅರ್ಧ ಒಪ್ತೀನಿ, ಅರ್ಧ ಇಲ್ಲ.

ನೈಟ್_ಡ್ಯೂಟಿ_ಅಕ್ಕ

ಕೋಟೆ ಬೀದಿ ಅಣ್ಣ, ನಿಮ್ಮ ಬಿಳಿ ಹಾಳೆ ವಿಷ್ಯ ಒಪ್ಪಿದೆ, ನಾನೂ ಮಾಡಿ ನೋಡ್ತೀನಿ. ಆದ್ರೆ "ಹಿಂಸೆ ಆಗ್ಲೇಬೇಕು" ಅಂತ ಮಕ್ಕಳಿಗೆ ಹೇಳ್ಬೇಡಿ. ಕಷ್ಟ ಬೇರೆ, ಹಿಂಸೆ ಬೇರೆ. ಮೊನ್ನೆ ನಮ್ಮ ವಾರ್ಡಲ್ಲಿ ಒಬ್ರು ಪೇಷಂಟ್‌ಗೆ ಹೊಸ ಬಿಪಿ ಮಾತ್ರೆ ಶುರು ಮಾಡಿದ್ರು, ಎರಡು ದಿನಕ್ಕೆ ಒಣಕೆಮ್ಮು. ಡಾಕ್ಟರ್ ಬಂದು ಅದು ಆ ಮಾತ್ರೆಯಿಂದ ಅಂದ್ರು. ಬೆಳಗಿನ ಜಾವ ಬುಕ್ ತೆಗ್ದು ಎಸಿಇ ಇನ್ಹಿಬಿಟರ್, ಅಂದ್ರೆ ಆ ಜಾತಿ ಬಿಪಿ ಮಾತ್ರೆಗಳ ಪಾಠ ನೋಡಿದೆ, ಬ್ರ್ಯಾಡಿಕೈನಿನ್ ಅನ್ನೋ ದೇಹದ್ದೇ ಒಂದು ರಾಸಾಯನಿಕ ಒಡೆಯದೇ ದೇಹದಲ್ಲಿ ಉಳ್ಕೊಂಡು ಕೆಮ್ಮು ಬರತ್ತೆ ಅಂತ ಇತ್ತು. ಆ ಪೇಜ್ ನಾನು ಮೊದ್ಲೂ ಓದಿದ್ದೆ, ಅಡಿ ಗೆರೆ ನಂದೇ ಇದೆ, ಆದ್ರೆ ಅವತ್ತು ಮೊದಲ್ನೇ ಸಲ ಓದಿದಂಗಾಯ್ತು. ಕಡತ ವಿಭಾಗ ಅಣ್ಣ ಹೇಳಿದ್ದು ಇದೇ ಅನ್ಸುತ್ತೆ, ನನ್ನ ಹೆದರಿಕೆ ಮಾತನ್ನ ನಾನೇ ಸ್ವಲ್ಪ ಹಿಂದಕ್ಕೆ ತಗೋತೀನಿ. ಕೆಮ್ತಾ ಇರೋ ಮನುಷ್ಯ ಕಣ್ಮುಂದೆ ಇದ್ದಾಗ ಹೆದರಿಕೆಗೆ ಜಾಗ ಇರ್ಲಿಲ್ಲ.

ಪಿಯು_ಮೇಷ್ಟ್ರು

ವಿದ್ಯಾನಗರ, ಒಂದು ಕೇಳೋದು ಮರೆತೆ. ನಿನ್ನ ನೋಟ್ಸ್ ಕಾಗದದ್ದಾ, ಫೋನಲ್ಲಿ ಪಿಡಿಎಫ್ಫಾ?

ವಿದ್ಯಾನಗರ_ಓದುಗ

ಪಿಡಿಎಫ್ ಸರ್. ಟೆಲಿಗ್ರಾಂ ಗ್ರೂಪಿಂದ ಬಂದಿದ್ದು. ಕಾದಂಬರಿ ಲೈಬ್ರರಿ ಪುಸ್ತಕ.

ಪಿಯು_ಮೇಷ್ಟ್ರು

ಹಂಗಾದ್ರೆ ಮೊದಲು ಆ ಪುಟಗಳನ್ನ ಜೆರಾಕ್ಸ್ ಅಂಗಡೀಲಿ ಪ್ರಿಂಟ್ ಹಾಕ್ಸು. 2018ರಲ್ಲಿ ಡೆಲ್ಗಾಡೋ ಮತ್ತೆ ಜೊತೆಯವರು 54 ಅಧ್ಯಯನ, 1.7 ಲಕ್ಷಕ್ಕೂ ಹೆಚ್ಚು ಜನರ ಫಲಿತಾಂಶ ಸೇರಿಸಿ ನೋಡಿದ್ರು. ಮಾಹಿತಿಯ ಬರಹ ಕಾಗದದಲ್ಲಿ ಓದಿದವರಿಗೆ ಹೆಚ್ಚು ಅರ್ಥ ಆಗಿತ್ತು, ಇಷ್ಟೇ ಹೊತ್ತಲ್ಲಿ ಮುಗಿಸ್ಬೇಕು ಅಂತ ಗಡುವು ಹಾಕಿ ಓದಿಸಿದಾಗ ಆ ವ್ಯತ್ಯಾಸ ಇನ್ನೂ ದೊಡ್ಡದು. ಬರೀ ಕಥೆ ಆದ್ರೆ ಸ್ಕ್ರೀನ್, ಕಾಗದ ವ್ಯತ್ಯಾಸ ಕಾಣಲಿಲ್ಲ. ಅಕ್ಕ ಫೋನಲ್ಲಿ ಧಾರಾವಾಹಿ ಆರಾಮಾಗಿ ಓದೋದಕ್ಕೂ ನಿನ್ನ ಪಿಡಿಎಫ್ ಹತ್ತದೇ ಇರೋದಕ್ಕೂ ಇದೂ ಒಂದು ಕಾರಣ ಇರಬಹುದು. ದೊಡ್ಡ ವ್ಯತ್ಯಾಸ ಏನಲ್ಲ, ಆದ್ರೆ ನಿನ್ನಂಥೋನು ದಿನಕ್ಕೆ ಎರಡೇ ಗಂಟೆ ಓದೋದು, ಅದರಲ್ಲಿ ಸ್ವಲ್ಪವೂ ಪೋಲಾಗಬಾರದು.

ವಿದ್ಯಾನಗರ_ಓದುಗ

ಹನ್ನೊಂದು ದಿನ ಆದ್ಮೇಲೆ ಬರೀತಿದೀನಿ, ಕೆಲವ್ರು ಮೆಸೇಜ್ ಮಾಡಿ ಕೇಳಿದ್ರಿ.

ಪ್ರಿಂಟ್ ಹಾಕ್ಸಿದೆ. ಹೋದ ಭಾನುವಾರ ಅಂಗಡಿ ರಜ ಇತ್ತು, ಬೆಳಗ್ಗೆ ಬಸ್ ಹತ್ತಿ ದುರ್ಗಕ್ಕೆ ಹೋದೆ, ಅರವತ್ತು ಕಿಲೋಮೀಟ್ರು ತಾನೆ. ಟಿಕೆಟ್ ತಗೊಂಡು ಕೋಟೆ ಒಳಗೆ ಹೋಗಿ ಒಂದು ಬಂಡೆ ನೆರಳಾಗೆ ಕುಂತು ಆ ಅರ್ಧ ಪೇಜ್ ತೆಗ್ದೆ. ಓದಾಕಿಂತ ಮುಂಚೆ ಕಡತ ವಿಭಾಗ ಅಣ್ಣ ಹೇಳಿದಂಗೆ ಅಂಚಿನಾಗೆ ಒಂದು ಪ್ರಶ್ನೆ ಬರ್ಕೊಂಡೆ, "ಏಳು ಸುತ್ತಿನ ಕೋಟೆ ಇದ್ದೂ ಯಾಕೆ ಬಿತ್ತು?" ಅಂತ. ಸುತ್ತ ನೋಡಿದ್ರೆ ಬಾಗಿಲು ಸುತ್ತಿ ಸುತ್ತಿ ಬರ್ತಾವೆ, ನೇರ ದಾರಿನೇ ಇಲ್ಲ, ಬಂಡೆ ಮಧ್ಯೆ ಹೊಂಡ, ಎಷ್ಟು ತಿಂಗಳು ಮುತ್ತಿಗೆ ಹಾಕಿದ್ರೂ ನೀರಿಗೆ ಕೊರತೆ ಇಲ್ಲ. ಆವಾಗ ನೋಟ್ಸಾಗೆ ಒಂದು ಸಾಲು ಕಾಣ್ತು, ಒಂದ್ಕಡೆ ಮರಾಠರು ಇನ್ನೊಂದ್ಕಡೆ ಹೈದರಾಲಿ, ನಡುವೆ ದುರ್ಗ ಅಂತ. ನಾಲ್ಕು ಸಲ ಓದಿದಾಗ ಆ ಸಾಲು ಇದ್ದಿದ್ದೇ ಗೊತ್ತಿರಲಿಲ್ಲ ನಂಗೆ. ಪೇಜ್ ಮಡಚಿ ಹಿಂದೆ ಬರ್ದೆ, ಒಂದೇ ಇಸವಿ ತಪ್ಪಿತು.

ಆದ್ರೆ ಎಲ್ಲಾ ಪಾಠಕ್ಕೂ ಬಸ್ ಹತ್ತಾಕೆ ಆಗಲ್ಲ. ಮೊನ್ನೆಯಿಂದ ಕರ್ನಾಟಕದ ಮಣ್ಣುಗಳು ಓದ್ತಿದೀನಿ, ಕಪ್ಪು ಮಣ್ಣು ಯಾಕೆ ಬಿರುಕು ಬಿಡ್ತತಿ ಅಂತ ಪ್ರಶ್ನೆ ಬರ್ಕೊಂಡು ಕುಂತ್ರೂ ಆಕಳಿಕೆ ಬಂತು. ಅಲ್ಲಿ ಕೋಟೆ ಬೀದಿ ಅಣ್ಣನ ಬಿಳಿ ಹಾಳೆನೇ ಹಿಡಿದೀನಿ. ಇಪ್ಪತ್ತು ನಿಮಿಷ ಓದೋದು, ಮುಚ್ಚಿ ಬರೆಯೋದು. ಖುಷಿ ಏನಿಲ್ಲ. ಆದ್ರೆ ನಾಳೆ ಅಂಗಡಿ ಬಾಕಿ ಎಣಿಸೋದು ಕಮ್ಮಿ ಆಗೈತಿ, ಕೈ ಬರೀತಿರೋವಾಗ ತಲೆಗೆ ಅತ್ಲಾಗೆ ಹೋಗಾಕೆ ಬಿಡುವಿಲ್ಲ.

ಕೋಟೆ_ಬೀದಿ

ಒಳ್ಳೇದಾಯ್ತು ತಮ್ಮ. ಹೆಸ್ರು ಕೇಳಿ ನಾನು ಸ್ವಲ್ಪ ಗಡುಸಾಗಿ ಬರ್ದಿದ್ದೆ, ಮನಸ್ಸಿಗೆ ತಗೋಬೇಡ. ಮಣ್ಣಿನ ಪಾಠ ನಂಗೂ ಕೊನೇ ತನಕ ಕಷ್ಟವೇ ಇತ್ತು.

ಚಳ್ಳಕೆರೆ_ಹುಡುಗಿ

ಅಕ್ಕ ಇಲ್ಲಿ ಕೇಳು ಅಂದಿದ್ರಲ್ಲ, ಅದಕ್ಕೆ ಕೇಳ್ತಿದೀನಿ. "ಅಡಿಯಾಬ್ಯಾಟಿಕ್" ಅಂದ್ರೆ ಏನು ಯಾರಾದ್ರೂ ಕನ್ನಡದಲ್ಲಿ ಹೇಳ್ತೀರಾ? ಡೆಫಿನಿಷನ್ ಬಾಯಿಪಾಠ ಐತೆ, ಅರ್ಥ ಆಗಿಲ್ಲ. ಸೋಮವಾರ ಇಂಟರ್ನಲ್ಸ್.

ಪಿಯು_ಮೇಷ್ಟ್ರು

ಶಾಖ ಹೊರಗಿಂದ ಒಳಗೆ ಬರದೇ, ಒಳಗಿಂದ ಹೊರಗೆ ಹೋಗದೇ ನಡೆಯೋ ಬದಲಾವಣೆ. ಹಾಸ್ಟೆಲಲ್ಲಿ ಯಾರದ್ದಾದ್ರೂ ಸೈಕಲ್ ಪಂಪ್ ಇದೆಯಾ? ಪುಸ್ತಕ ತೆರೆಯೋ ಮೊದಲು ಗಾಳಿ ಹೊರಡೋ ತುದಿಯನ್ನ ಬೆರಳಲ್ಲಿ ಒತ್ತಿ ಹಿಡಿದು ಬೇಗ ಬೇಗ ಇಪ್ಪತ್ತು ಸಲ ಒತ್ತು, ಆಮೇಲೆ ಪಂಪಿನ ಕೆಳಭಾಗ ಮುಟ್ಟಿ ನೋಡು. ಬೆಂಕಿ ಹಚ್ಚಿಲ್ಲ, ಬಿಸಿಲಿಗೆ ಇಟ್ಟಿಲ್ಲ. ಆ ಬಿಸಿ ಎಲ್ಲಿಂದ ಬಂತು ಅಂತ ಒಂದು ಹಾಳೇಲಿ ಬರೆದುಕೋ. ನಿಧಾನಕ್ಕೆ ಒತ್ತಿದ್ರೆ ಯಾಕೆ ಅಷ್ಟು ಬಿಸಿ ಆಗಲ್ಲ ಅಂತಾನೂ ಬರೆದುಕೋ. ಆ ಎರಡು ಪ್ರಶ್ನೆ ಇಟ್ಕೊಂಡು ಪಾಠ ಓದು.

ಚಳ್ಳಕೆರೆ_ಹುಡುಗಿ

ಸರ್ ವಾಚ್‌ಮನ್ ಅಂಕಲ್ ಹತ್ರ ಪಂಪ್ ಇತ್ತು. ಮುಟ್ಟಿ ನೋಡ್ದೆ. ಬಿಸಿ ಐತೆ!! ಈಗ ಓದೋಕೆ ಕೂತ್ಕೋತೀನಿ.